ಅನುಮೋದಕರು

“ಸೂಚಕರಾಯ್ತು. ಅನುಮೋದಕರು ಯಾರ್ರೀ?”

ಮೇಯರ್ ಶಕುಂತಲಮ್ಮ ಎರಡನೆಯ ಸಲ ಕೇಳಿದಾಗ ಪಾಲಿಕೆಯ ಸಭಾಂಗಣದಲ್ಲಿದ್ದ ನಲವತ್ತು ಚಿಲ್ಲರೆ ಸದಸ್ಯರಿಗೂ ಒಮ್ಮೆಲೇ ಬಜೆಟ್ ಪುಸ್ತಕ ಓದಬೇಕೆನಿಸಿತು. ಬೆಳಗಿನಿಂದ ಅದನ್ನು ಬೀಸಣಿಗೆ ಮಾಡಿಕೊಂಡಿದ್ದವರು ಕನ್ನಡಕ ಹುಡುಕಿ ಹಾಕಿಕೊಂಡರು. ಮುಂದಿನ ಸಾಲಿನ ಒಬ್ಬರು ಕೊನೆಯ ಪುಟದ ಮುದ್ರಕರ ವಿಳಾಸವನ್ನೂ ಬಿಡದೆ ಓದಿದರು.

ಠರಾವು ಸಣ್ಣದು. ಮನೆ ಕಂದಾಯ ನೂರಕ್ಕೆ ಐದರಂತೆ ಏರಬೇಕು. ಊರಿಗೆ ಹೊಸದಾಗಿ ಸೇರಿದ ಹಳ್ಳಿಗಳಿಗೆ ಈವರೆಗೆ ಇದ್ದ, ಅರ್ಧಕ್ಕೆ ಹತ್ತಿರದ ರಿಯಾಯಿತಿ ನಿಲ್ಲಬೇಕು. ಹಾಗೆ ಬಂದ ಹಣದಲ್ಲಿ ಮೊದಲು ಹಳ್ಳದ ಓಣಿಗೆ ತಡೆಗೋಡೆ. ಉಳಿದದ್ದರಲ್ಲಿ ಮಿಕ್ಕ ವಾರ್ಡುಗಳ ರಸ್ತೆ, ದೀಪ. ತೆರಿಗೆ ಏರಬೇಕೆಂಬುದರಲ್ಲಿ ಸಭೆಯಲ್ಲಿ ಪಕ್ಷಭೇದವಿರಲಿಲ್ಲ. ಏರಿಸಿದವರು ತಾವಲ್ಲ ಎಂಬುದರಲ್ಲೂ ಇರಲಿಲ್ಲ. ಧ್ವನಿಮತಕ್ಕೆ ಹಾಕಿದರೆ ಯಾರ ತೊಂದರೆಯೂ ಇಲ್ಲ, ದನಿಗೆ ಮುಖವಿರುವುದಿಲ್ಲ. ಆದರೆ ಅದಕ್ಕೂ ಮೊದಲು ಒಬ್ಬರು ಸೂಚಿಸಬೇಕು, ಇನ್ನೊಬ್ಬರು ಅನುಮೋದಿಸಬೇಕು. ಆ ಎರಡು ಹೆಸರು ನಡಾವಳಿ ಪುಸ್ತಕಕ್ಕೆ ಹೋಗುತ್ತವೆ, ಮರುದಿನದ ಪೇಪರಿಗೂ ಹೋಗುತ್ತವೆ.

ಇಂಥದೊಂದು ತೊಡಕು ಇದೆ ಎಂಬುದೇ ಇಷ್ಟು ವರ್ಷ ಯಾರಿಗೂ ಗೊತ್ತಾಗಿರಲಿಲ್ಲ. ಕಾರಣ ವಾಮದೇವಪ್ಪನವರು. ಐದು ಸಲ ಗೆದ್ದ ಹಿರಿಯರು. ಎರಡನೆಯ ಸಾಲಿನಲ್ಲಿ, ಕಿಟಕಿಯ ಪಕ್ಕದ ಕುರ್ಚಿ. ಯಾವ ಠರಾವು ಬಂದರೂ ಅರ್ಧ ಮುಚ್ಚಿದ ಕಣ್ಣು ತೆರೆಯದೆಯೇ “ಅನುಮೋದಿಸ್ತೇನಿ” ಎನ್ನುತ್ತಿದ್ದರು. ಹಂದಿ ಹಿಡಿಯುವುದಕ್ಕೂ ಅವರೇ, ಉದ್ಯಾನಕ್ಕೆ ಹೆಸರಿಡುವುದಕ್ಕೂ ಅವರೇ. ಅವರು ಈ ಚಳಿಗಾಲದಲ್ಲಿ ತೀರಿಕೊಂಡಿದ್ದರು. ಕುರ್ಚಿಯ ಮೇಲೆ ಈಗ ಅವರ ಫೋಟೋ, ಫೋಟೋಕ್ಕೆ ಮಲ್ಲಿಗೆ ಹಾರ. ಬೆಳಿಗ್ಗೆ ಸಂತಾಪ ಸೂಚಕ ನಿರ್ಣಯವನ್ನು ಅನುಮೋದಿಸಲು ಹನ್ನೊಂದು ಜನ ಒಟ್ಟಿಗೆ ಎದ್ದಿದ್ದರು. ನಡಾವಳಿ ಬರೆಯುವ ಪರಶುರಾಮ ಪೆನ್ನು ಎತ್ತಿ, “ಯಾರ ಹೆಸರು ಬರ್ಕಳ್ಳಿ ಮೇಡಂ?” ಎಂದು ಕೇಳಿದ್ದ.

“ಎಲ್ಲಾರ್ದೂ ಬರಿಯಪ್ಪ. ಇವತ್ತು ಪುಕ್ಕಟೆ ಐತೆ,” ಎಂದಿದ್ದರು ಶಕುಂತಲಮ್ಮ.

ಈಗ ಸೂಚಕಿಯಾಗಿ ಎದ್ದು ನಿಂತಿದ್ದವರು ಹಳ್ಳದ ಓಣಿಯ ಮೆಹರ್ ಬಾನು. ನಿಂತವರು ಇನ್ನೂ ಕೂತಿರಲಿಲ್ಲ. ಎಡಕ್ಕೆ ನೋಡಿದರು, ಬಲಕ್ಕೆ ನೋಡಿದರು. ಆಮೇಲೆ ಹಿಂದಕ್ಕೆ ತಿರುಗಿ ಕೊನೆಯ ಸಾಲಿನ ಸಣ್ಣಬೀರಪ್ಪನನ್ನು ನೋಡಿದರು. ಒಂದೇ ಸಲ. ಸಣ್ಣಬೀರಪ್ಪ ಮೇಲೆ ತಿರುಗುತ್ತಿದ್ದ ಫ್ಯಾನನ್ನು ನೋಡತೊಡಗಿದ.

ಪಾಲಿಕೆಗೆ ಹೊಸದಾಗಿ ಸೇರಿದ ಆವರಗೆರೆಯ ಕಡೆಯಿಂದ ಪಕ್ಷೇತರನಾಗಿ ಗೆದ್ದು ಬಂದವನು ಅವನು. ಗೆಲ್ಲುವ ಮೊದಲು ಬೀರದೇವರ ಗುಡಿಯಲ್ಲಿ, ಜನರೆಲ್ಲ ನೋಡುತ್ತಿದ್ದಂತೆ, ಬಲಗೈಯಲ್ಲಿ ಭಂಡಾರ ಹಿಡಿದು ಮಾತು ಕೊಟ್ಟಿದ್ದ: “ನಾನಿರೋತನಕ ನಿಮ್ಮ ಮನಿ ಕಂದಾಯ ಏರಾಕೆ ಬಿಡಲ್ಲ.” ಚುನಾವಣೆಯ ಭರವಸೆಗಳಿಗೆ ಆಯುಸ್ಸು ಕಡಿಮೆ ಎಂದು ಎಲ್ಲರಿಗೂ ಗೊತ್ತು. ಆದರೆ ಆ ಅರಿಸಿನದ ಪುಡಿ ಹಿಡಿದು ಆಡಿದ ಮಾತಿಗೆ ಷರತ್ತುಗಳು ಅನ್ವಯಿಸುವುದಿಲ್ಲ. ಅದನ್ನು ನೆನಪಿಸಲೆಂದೇ ಊರಿನ ಹತ್ತು ಜನ ಇವತ್ತು ಸಾರ್ವಜನಿಕರ ಬೆಂಚಿನಲ್ಲಿ ಸಾಲಾಗಿ ಕೂತಿದ್ದರು. ಕರೆದುಕೊಂಡು ಬಂದವನು ಮಾಲತೇಶ. ಸಣ್ಣಬೀರಪ್ಪನ ಅಣ್ಣನ ಮಗ. ಮುಂದಿನ ಚುನಾವಣೆಗೆ ನಿಲ್ಲುವವನು ಅವನೇ ಎಂಬುದು ಊರಿಗೆಲ್ಲ ಗೊತ್ತಿತ್ತು, ಚಿಕ್ಕಪ್ಪನಿಗೆ ಹೇಳುವುದೊಂದು ಬಾಕಿ.

“ಹದಿನೈದು ನಿಮಿಷ ಚಾ ಕುಡೀರಿ,” ಎಂದರು ಶಕುಂತಲಮ್ಮ. “ಬಂದ ಮ್ಯಾಲೆ ಇನ್ನೊಂದ್ಸಲ ಕೇಳ್ತೇನಿ. ಯಾರೂ ಇಲ್ಲಾಂದ್ರೆ ಠರಾವು ಬಿತ್ತು, ಗೋಡೆನೂ ಬಿತ್ತು.”

ವರಾಂಡದಲ್ಲಿ ಖಾರ ಮಂಡಕ್ಕಿ, ಮಿರ್ಚಿಯ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದವು. ಠರಾವಿನ ಬಗ್ಗೆ ಯಾರೂ ಮಾತಾಡಲಿಲ್ಲ. ಮಿರ್ಚಿಗೆ ಅಜವಾನ ಕಡಿಮೆಯಾಗಿದೆ ಎಂಬುದರ ಬಗ್ಗೆ ಎರಡೂ ಪಕ್ಷದವರು ಒಮ್ಮತಕ್ಕೆ ಬಂದರು. ಮಾಲತೇಶ ಚಿಕ್ಕಪ್ಪನನ್ನು ಕಂಬದ ಮರೆಗೆ ಕರೆದ.

“ಚಿಗಪ್ಪ, ನೀ ಏನೂ ಮಾಡೋದು ಬ್ಯಾಡ. ಸುಮ್ಕೆ ಕುಂತ್ರೆ ಸಾಕು. ಬಾಯಿ ಮುಚ್ಕೆಂಡು ಮಿರ್ಚಿ ತಿನ್ನು.”

“ಬಾಯಿ ಮುಚ್ಕೆಂಡು ಹೆಂಗ್ಲೇ ತಿನ್ನೋದು?”

“ನಗಬ್ಯಾಡ. ಅಲ್ನೋಡು, ಹತ್ತು ಜನ ಕೂಲಿ ಬಿಟ್ಟು ಬಂದಾರೆ. ನಮಗೆ ಒಳಚರಂಡಿ ಕೊಟ್ಟಿಲ್ಲ, ನೀರು ಐದು ದಿನಕ್ಕೊಮ್ಮೆ. ಸಿಟಿ ಅಂತ ಬೋರ್ಡು ಹಾಕಿದ್ದಷ್ಟೇ. ಆ ಬೋರ್ಡಿಗೆ ಡಬಲ್ ಕಂದಾಯ ಕಟ್ಬೇಕಾ?”

ಹುಡುಗ ಹೇಳಿದ್ದರಲ್ಲಿ ಸುಳ್ಳಿರಲಿಲ್ಲ.

ಮಾಲತೇಶ ಅತ್ತ ಹೋಗುತ್ತಲೇ ಶಕುಂತಲಮ್ಮ ಇತ್ತ ಬಂದರು. ಬಟ್ಟೆ ಅಂಗಡಿಯ ಗಲ್ಲೆಯ ಮೇಲೆ ಮೂವತ್ತು ವರ್ಷ ಕೂತವರು. ಗಿರಾಕಿಯ ಮುಖ ನೋಡಿ ದರ ಹೇಳಬಲ್ಲವರು.

“ಸಣ್ಣಬೀರಪ್ಪಾರೆ, ನಮಗೆಲ್ಲ ಪಕ್ಷ ಐತೆ, ಮ್ಯಾಲಿಂದ ಫೋನ್ ಬರ್ತವೆ. ನಿಮಗೇನು? ಯಾವ ಹೈಕಮಾಂಡೂ ಇಲ್ಲ.”

“ಐತ್ರಿ ಮೇಡಂ. ಗುಡಿಯಾಗ ಕುಂತೈತೆ.”

ಎದುರಿನ ಆಸಾಮಿ ಎದ್ದು ಹೋಗುವ ಗಿರಾಕಿ ಎಂದುಕೊಂಡರೋ ಏನೋ, ಶಕುಂತಲಮ್ಮ ಸೆರಗು ಸರಿಪಡಿಸಿಕೊಂಡು ಒಳಗೆ ಹೋದರು.

ಮೆಹರ್ ಬಾನು ಬಂದು ಪಕ್ಕದಲ್ಲಿ ನಿಂತರು. ಅವರ ಕೈಯಲ್ಲಿ ತಟ್ಟೆ ಇರಲಿಲ್ಲ, ರಂಜಾನ್ ಉಪವಾಸ.

“ಅಣ್ಣಾರೆ, ನಾನೇನೂ ಕೇಳಾಕೆ ಬಂದಿಲ್ಲ,” ಎಂದರು. “ನಮ್ಮ ಓಣಿ ಟೈಲರ್ ಬುಷ್ರಾ ಒಂದು ಮಾತು ಕೇಳು ಅಂದಿದ್ಲು, ಅದಕ್ಕೆ. ಅವತ್ತು ಅವಳ ಮನಿ ಗೋಡೆ ಉಗುರಲ್ಲಿ ಕೆರೆದು ನೋಡಿದ್ರಲ್ಲ, ಆ ಮೆಂಬರ್ರು ಏನಂದ್ರು ಅಂತ.”

“ಏನಂದಿದ್ದೆ?”

“ಏನೂ ಅಂದಿರ್ಲಿಲ್ಲ. ಅದನ್ನೇ ಕೇಳ್ತಾಳೆ.”

ಹೋದ ದಸರೆಯ ಹಿಂದಿನ ವಾರ ಹಳ್ಳದ ನೀರು ಓಣಿಗೆ ನುಗ್ಗಿತ್ತು. ಪರಿಶೀಲನೆಗೆ ಹೋದ ಏಳು ಸದಸ್ಯರಲ್ಲಿ ಸಣ್ಣಬೀರಪ್ಪನೂ ಒಬ್ಬ. ಆರು ಜನ ಕ್ಯಾಮೆರಾ ಇದ್ದ ಕಡೆ ಪರಿಶೀಲಿಸುತ್ತಿದ್ದಾಗ ಅವನು ಟೈಲರಿಂಗ್ ಬೋರ್ಡು ತೂಗಿಬಿದ್ದಿದ್ದ ಒಂದು ಮನೆಯ ಒಳಗೆ ಹೋಗಿದ್ದ. ಬುಷ್ರಾಳ ಮನೆ. ಗೋಡೆಯ ಮೇಲೆ ಎದೆಯೆತ್ತರಕ್ಕೆ ಕೆಂಪು ಪಟ್ಟಿ. ನೀರು ನಿಂತ ಗುರುತು. ಅವನ ಕೈ ತಾನಾಗಿ ಹೋಗಿ ಅದನ್ನು ಕೆರೆಯಿತು. ಹೆಬ್ಬೆರಳು ತೋರುಬೆರಳಿನ ನಡುವೆ ತಿಕ್ಕಿದ. ಕೆಂಪು ಮಣ್ಣು, ನಡುನಡುವೆ ಸಾಸಿವೆ ಗಾತ್ರದ ಬಿಳಿಯ ಸುಣ್ಣದ ಹರಳು. ಐವತ್ತು ವರ್ಷ ತುಳಿದ ಮಣ್ಣು. ತನ್ನ ಅಪ್ಪನ ಎಂಟೆಕರೆ ಹೊಲದ್ದು.

ಆ ಹೊಲ ಈಗ ಬಡಾವಣೆ. ಅಣ್ಣತಮ್ಮ ಇಬ್ಬರೂ ಸೇರಿ ಮಾರಿದ್ದರು, ಒಳ್ಳೆಯ ರೇಟೇ ಬಂದಿತ್ತು. ಅಪ್ಪ ಹೊಲಕ್ಕೆ ಮೂರು ಒಡ್ಡು ಹಾಕಿಸಿದ್ದ. ಎಂಥ ಮಳೆ ಬಂದರೂ ಮೊದಲ ಒಡ್ಡಿನಲ್ಲಿ ನಿಂತು, ಎರಡನೆಯದರಲ್ಲಿ ತಂಗಿ, ಮೂರನೆಯದನ್ನು ದಾಟುವ ಹೊತ್ತಿಗೆ ನೀರಿನ ಸೊಕ್ಕು ಇಳಿದಿರುತ್ತಿತ್ತು. ಬಡಾವಣೆಯವರು ಒಡ್ಡು ತೆಗೆದು ಕಾಂಕ್ರೀಟ್ ಚರಂಡಿ ಮಾಡಿದರು. ಈಗ ನೀರು ಎಲ್ಲಿಯೂ ನಿಲ್ಲದೆ ಇಳಿಯುತ್ತದೆ. ಎಲ್ಲಿಗೆ ಇಳಿಯುತ್ತದೆ ಎಂದು ಅವನು ಅವತ್ತಿನ ತನಕ ಕೇಳಿಕೊಂಡಿರಲಿಲ್ಲ.

ಮನೆಯ ಮೂಲೆಯಲ್ಲಿ ಒಂದು ಮಂಚ. ಅದರ ನಾಲ್ಕು ಕಾಲಿಗೂ ಮೂರು ಮೂರು ಇಟ್ಟಿಗೆ. ಮೇಲೆ ಲಕ್ವ ಹೊಡೆದ ಬುಷ್ರಾಳ ಅಬ್ಬಾ ಸೂರು ನೋಡುತ್ತ ಮಲಗಿದ್ದರು. ನೀರು ಏರಿದಂತೆಲ್ಲ ಒಂದೊಂದು ಇಟ್ಟಿಗೆ ಕೊಟ್ಟು ಏರಿಸಿದ್ದರಂತೆ. ಇಟ್ಟಿಗೆಯನ್ನೂ ಮೀರಿದಾಗ ನಾಲ್ವರು ಹೊತ್ತು ಮಾಳಿಗೆಗೆ ಸಾಗಿಸಿದ್ದರಂತೆ. ಈಗ ಮಗಳು ಪಕ್ಕದಲ್ಲಿ ನಿಂತೇ ಗಂಜಿ ಕುಡಿಸುತ್ತಿದ್ದಳು.

“ನೀರು ಇಳೀತಲ್ಲವ್ವ, ಇಟ್ಟಿಗೆ ಯಾಕ ತೆಗೆದಿಲ್ಲ?” ಎಂದು ಕೇಳಿದ್ದ.

“ಮತ್ತೆ ಬರಲ್ಲ ಅಂತ ಯಾರು ಹೇಳ್ಯಾರ್ರಿ?” ಅವಳು ಚಮಚ ನಿಲ್ಲಿಸಿರಲಿಲ್ಲ. “ನಮ್ಮಣ್ಣ ಹರಿಹರಕ್ಕೆ ಬಂದ್ಬಿಡು ಅಂತಾನೆ. ಅವನ ಮನಿ ಇರೋದು ಹೊಳೆ ದಂಡಿಗೆ. ಹಳ್ಳಕ್ಕೆ ಹೆದ್ರಿ ಹೊಳಿಗೆ ಹೋಗ್ಲಾ?”

ಸಭೆಯ ಗಂಟೆ ಹೊಡೆಯಿತು. ಎಲ್ಲರೂ ಕೈ ಒರೆಸಿಕೊಂಡು ಒಳಗೆ ಬಂದರು. ಸಣ್ಣಬೀರಪ್ಪ ತನ್ನ ಜಾಗದಲ್ಲಿ ಕೂತಾಗ ಎದುರಿಗೆ ವಾಮದೇವಪ್ಪನವರ ಫೋಟೋದ ಬೆನ್ನು ಕಾಣುತ್ತಿತ್ತು. ಒಮ್ಮೆ ಅವರನ್ನು ಕೇಳಿದ್ದ, “ಯಜಮಾನ್ರೇ, ಎಲ್ಲಾದಕ್ಕೂ ನೀವೇ ಹೂಂ ಅಂತೀರಲ್ಲ, ಜನ ಬೈಯಲ್ವಾ?” ಎಂದು. ಮುದುಕರು ಅಪರೂಪಕ್ಕೆ ಕಣ್ಣು ಪೂರ್ತಿ ತೆರೆದಿದ್ದರು. “ನನ್ನ ಹೆಸ್ರು ಎಲ್ಲಾದ್ರಾಗೂ ಐತೆ ನೋಡು. ಹಂಗಾಗಿ ಯಾವುದ್ರಾಗೂ ಇಲ್ಲ.”

ಸಣ್ಣಬೀರಪ್ಪನ ಹೆಸರು ಈ ಎರಡು ವರ್ಷದಲ್ಲಿ ಹಾಜರಿ ಪುಸ್ತಕ ಬಿಟ್ಟರೆ ಎಲ್ಲಿಯೂ ಇರಲಿಲ್ಲ.

“ಕಡೇ ಸಲ ಕೇಳ್ತೇನಿ,” ಎಂದರು ಶಕುಂತಲಮ್ಮ.

ಅವನು ಎದ್ದ. ಹೆಗಲ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ, ಗುಡಿಯಲ್ಲಿ ಮಾಡುವಂತೆ. ಬೆಂಚಿನ ಕಡೆ ನೋಡಿದ. ಹತ್ತು ಮುಖಗಳೂ ಪರಿಚಯದವು, ಇಬ್ಬರಿಗೆ ಅವನೇ ನಿಂತು ಮದುವೆ ಮಾಡಿಸಿದ್ದ.

“ನಾನು ಅನುಮೋದಿಸ್ತೇನಿ.”

ಪರಶುರಾಮನ ಪೆನ್ನು ನಿಂತಿತು. ಅವನು ಅಭ್ಯಾಸಬಲದಿಂದ ‘ಶ್ರೀ ವಾ’ ಎಂದು ಬರೆದುಬಿಟ್ಟಿದ್ದ. ಅದನ್ನು ಹೊಡೆದು ಹಾಕಿ, “ಪೂರ್ತಿ ಹೆಸ್ರು ಹೇಳ್ರಿ ಸರ್,” ಎಂದ. ಸಣ್ಣಬೀರಪ್ಪ ಅಪ್ಪನ ಹೆಸರು, ಊರಿನ ಹೆಸರು ಸಮೇತ ಹೇಳಿದ.

ಉಳಿದದ್ದು ಅರ್ಧ ನಿಮಿಷದಲ್ಲಿ ಮುಗಿಯಿತು. ಧ್ವನಿಮತದ “ಹೌದು” ಗೋಡೆ ನಡುಗುವಷ್ಟು ಗಟ್ಟಿಯಾಗಿ ಬಂತು. ಮೇಯರ್ ಮೇಜು ಕುಟ್ಟಿದರು. ಬೆಂಚಿನ ಹತ್ತು ಜನ ಎದ್ದು ಚಪ್ಪಲಿ ಮೆಟ್ಟಿಕೊಂಡು ಹೊರಟರು. ಹೊರಗೆ ಟಿವಿಯವರ ಮೈಕಿನ ಮುಂದೆ ಹಲವು ಸದಸ್ಯರು ಬಡವರ ಮೇಲಿನ ಈ ಹೊರೆಯನ್ನು ತೀವ್ರವಾಗಿ ಖಂಡಿಸಿದರು.

ಸೋಮವಾರ ಸಣ್ಣಬೀರಪ್ಪ ತೆಂಗಿನಕಾಯಿ, ಎಲೆಯಡಿಕೆ, ನೂರೊಂದು ರೂಪಾಯಿ ತಪ್ಪುಕಾಣಿಕೆ ಹಿಡಿದು ಬೀರದೇವರ ಗುಡಿಗೆ ಹೋದ. ಕೊಟ್ಟ ಮಾತು ಮುರಿದದ್ದನ್ನು ಬಾಯಿಬಿಟ್ಟು ಹೇಳಿದ. ಕಟ್ಟೆಯ ಮೇಲೆ ಕೂತಿದ್ದವರಿಗೂ ಒಡ್ಡು, ನೀರು, ಮಣ್ಣು ಎಲ್ಲ ವಿವರಿಸಿದ. “ನೀರಿನ ಮ್ಯಾಲೆ ನಮ್ಮ ಹೆಸ್ರು ಬರೆದೈತಾ?” ಎಂದ ಮಾಲತೇಶ. ಪೂಜಾರಿ ಕಾಣಿಕೆ ತೆಗೆದುಕೊಂಡು, ಕಾಯಿ ಒಡೆದು, ಒಂದು ಹೋಳು ಕೈಗಿಟ್ಟು ಹೇಳಿದ:

“ದೇವ್ರು ತಪ್ಪುಕಾಣಿಕೆ ತಗಂತಾನೆ ಸಣ್ಣಬೀರಪ್ಪ. ನಾವೇನು ದೇವ್ರಲ್ಲ.”

ಆಮೇಲೆ ದೊಡ್ಡದೇನೂ ನಡೆಯಲಿಲ್ಲ. ಟೀ ಅಂಗಡಿಯಲ್ಲಿ ಅವನು ಕೂತರೆ ಬೆಂಚು ನಿಧಾನವಾಗಿ ಖಾಲಿಯಾಗುತ್ತಿತ್ತು. ಬೇಸಿಗೆಯಲ್ಲಿ ಊರಿನಲ್ಲಿ ಒಂಬತ್ತು ಮದುವೆಯಾದವು, ಮನೆಗೆ ಎರಡೇ ಲಗ್ನಪತ್ರಿಕೆ ಬಂದವು. ಹೆಂಡತಿ ಹಂಪವ್ವ ಅವನ್ನು ದೇವರ ಗೂಡಿನಲ್ಲಿಟ್ಟು, “ಊಟದ ಖರ್ಚು ಉಳೀತು ಬಿಡು ಅವ್ರಿಗೆ,” ಎಂದಳು. ಅವಳ ದನಿ ಮಾತ್ರ ನಗುತ್ತಿರಲಿಲ್ಲ. ಕಂದಾಯದ ಮೊದಲ ನೋಟೀಸು ಬಂದದ್ದೂ ಅವರ ಮನೆಗೇ. ಹಳೆಯದರ ಎರಡರಷ್ಟಕ್ಕೆ ಹದಿನೆಂಟು ರೂಪಾಯಿ ಕಡಿಮೆ.

ಮೇ ತಿಂಗಳ ಒಂದು ಮಧ್ಯಾಹ್ನ ಮಾಯಕೊಂಡದ ದಿಕ್ಕಿನಿಂದ ಮೋಡ ಎದ್ದಿತು. ತಡೆಗೋಡೆಯ ಟೆಂಡರು ಇನ್ನೂ ಕಡತದಲ್ಲಿತ್ತು. ಮಳೆ ಬಿರುಸಾದಾಗ ಸಣ್ಣಬೀರಪ್ಪ ಕೊಡೆ ತೆಗೆದುಕೊಂಡು ಬಡಾವಣೆಯ ಚರಂಡಿಯ ಗುಂಟ ನಡೆದ. ಪಕ್ಕದಲ್ಲಿ ನೀರು ಅವನಿಗಿಂತ ಬೇಗ ಹೋಗುತ್ತಿತ್ತು. ಹಳ್ಳದ ಓಣಿ ಮುಟ್ಟಿದಾಗ, ಗೋಡೆ ಬರಬೇಕಾದ ಕಡೆ ಎಂಜಿನಿಯರು ಹಾಕಿಸಿದ್ದ ಸುಣ್ಣದ ಗೆರೆ ಅರ್ಧ ಕರಗಿತ್ತು. ಓಣಿಯವರು ಬಾಗಿಲುಗಳಿಗೆ ಹಲಗೆ ಅಡ್ಡ ಕೊಟ್ಟು ಸಂದಿಗೆ ಬಟ್ಟೆ ತುರುಕುತ್ತಿದ್ದರು.

ಬುಷ್ರಾಳ ಮನೆಯ ಬಾಗಿಲು ತೆರೆದೇ ಇತ್ತು. ಅವಳು ನೆಲದ ಮೇಲೆ ಮೊಣಕಾಲೂರಿ ಕೂತಿದ್ದಳು, ಕೈಯಲ್ಲೊಂದು ಇಟ್ಟಿಗೆ. ಒಬ್ಬಳೇ ಮಂಚ ಎತ್ತಲಾಗದೆ ಸೋತಿದ್ದಳು. ಬಾಗಿಲಲ್ಲಿ ನಿಂತವನನ್ನು ತಲೆಯೆತ್ತಿ ನೋಡಿದಳು.

“ಸ್ವಲ್ಪ ಎತ್ರಿ,” ಎಂದಳು.

ಸಣ್ಣಬೀರಪ್ಪ ಕೊಡೆ ಮಡಿಚಿ ಮೂಲೆಗೆ ಒರಗಿಸಿದ. ಬಗ್ಗಿ, ಎರಡೂ ಕೈ ಕೊಟ್ಟು ಮಂಚದ ತಲೆಕಡೆಯ ಮೂಲೆಯನ್ನು ಎತ್ತಿದ. ಮೇಲೆ ಮಲಗಿದ್ದ ಮುದುಕರು ಕತ್ತು ಹೊರಳಿಸದೆ ಕಣ್ಣನ್ನಷ್ಟೇ ಅವನ ಕಡೆ ತಿರುಗಿಸಿದರು. ಬುಷ್ರಾ ನಾಲ್ಕನೆಯ ಇಟ್ಟಿಗೆಯನ್ನು ಒಳಗೆ ಸರಿಸಿ, ಅಂಗೈಯಿಂದ ತಟ್ಟಿ, ಅಲುಗಾಡುವುದೇ ಎಂದು ನೋಡಿದಳು.

“ಬಿಡ್ರಿ. ಇನ್ನೂ ಮೂರು ಕಾಲು ಅದಾವೆ.”

ಅವನು ಕೈ ಒರೆಸಿಕೊಂಡು ಎರಡನೆಯ ಕಾಲಿನ ಕಡೆಗೆ ಹೋದ. ಹೊಸ್ತಿಲಿನ ಮೇಲಿಂದ ಕೆಂಪು ನೀರಿನ ಒಂದು ಎಳೆ ಒಳಗಿಳಿದು, ಬಿಳಿಯ ಹರಳುಗಳನ್ನು ಒಂದೊಂದಾಗಿ ಬಿಡುತ್ತ, ಅವನ ಕಾಲಬೆರಳಿನ ಸಂದಿಗೆ ಬಂದು ನಿಂತಿತು.