ಮೂಗು ಮುಚ್ಚಿದ ಕೈ

ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ ನಿಂಗರಾಜುವಿನ ತಲೆಯ ಮೇಲೆ ಮೈಸೂರು ಪೇಟ ಇಟ್ಟರು. ಅಳತೆಗಿಂತ ದೊಡ್ಡ ಪೇಟ, ಹುಬ್ಬಿನವರೆಗೆ ಇಳಿಯಿತು. ಹಾಲಿನ ಡೇರಿಯ ಅಂಗಳದ ಶಾಮಿಯಾನದಲ್ಲಿ ಕೂತಿದ್ದ ಇನ್ನೂರು ಮುನ್ನೂರು ಜನ ಚಪ್ಪಾಳೆ ತಟ್ಟಿದರು.

ಅವನ ಬೆನ್ನ ಹಿಂದೆ ಹನ್ನೆರಡು ಅಡಿಯ ಫ್ಲೆಕ್ಸು. ಅದರಲ್ಲಿ ನಿಂಗರಾಜು ನೌಕಾಪಡೆಯ ಬಿಳಿ ಸಮವಸ್ತ್ರದಲ್ಲಿ ಸೆಲ್ಯೂಟ್ ಹೊಡೆಯುತ್ತಿದ್ದ. ಅವನ ಭುಜದ ಮೇಲಿಂದ ಕ್ಷಿಪಣಿಯೊಂದು ಹಾರಿ ಒಂದು ಹಡಗನ್ನು ಎರಡು ತುಂಡು ಮಾಡುತ್ತಿತ್ತು. 'ಶತ್ರು ನೌಕೆ ಮುಳುಗಿಸಿದ ಕಿಕ್ಕೇರಿ ಹೋಬಳಿಯ ಹುಲಿ' ಎಂದು ಕೆಂಪು ಅಕ್ಷರದಲ್ಲಿ ಬರೆದಿತ್ತು. ಮೂಲೆಯಲ್ಲಿ ಕೈಮುಗಿದು ನಿಂತಿದ್ದ ಡೇರಿ ಅಧ್ಯಕ್ಷ ಕೆಂಪಣ್ಣನ ಮುಖ ಹುಲಿಯ ಮುಖಕ್ಕಿಂತ ದೊಡ್ಡದಿತ್ತು.

ಮೇ ತಿಂಗಳ ಯುದ್ಧದ ಆ ನಾಲ್ಕು ದಿನ ನಿಂಗರಾಜುವಿನ ಹಡಗು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಅವನು ಎಂಜಿನ್ ವಿಭಾಗದ ಮೆಕ್ಯಾನಿಕ್ಕು. ನೀರಿನ ಮಟ್ಟಕ್ಕಿಂತ ಕೆಳಗಿನ ಕೋಣೆಗಳಲ್ಲಿ ಅವನ ಕೆಲಸ. ನಾಲ್ಕು ದಿನವೂ ಅವನು ಸಮುದ್ರವನ್ನೇ ನೋಡಿರಲಿಲ್ಲ.

"ಇಲ್ ಕೂತವ್ನಲ್ಲ ಸಿದ್ದರಾಜು, ಹೊಣಕೆರೆಯವ್ನು," ಕೆಂಪಣ್ಣ ಮೈಕಿನಲ್ಲಿ ಗುಡುಗಿದ. "ನಮ್ ನಿಂಗನ ಜೊತೇಲೇ ಒಂದೇ ಹಡಗಲ್ಲಿದ್ದ. ವೈರಿ ಗುಂಡಿಗೆ ಮೂರ್ ಬೆರಳು ಕೊಟ್ ಬಂದವ್ನೆ! ಚಪ್ಪಾಳೆ!"

ಸಿದ್ದರಾಜು ಹೊದಿಸಿದ ಶಾಲಿನೊಳಗಿಂದ ಬಲಗೈ ತೆಗೆಯಲಿಲ್ಲ. ಎಡಗೈಯನ್ನು ಎದೆಗೆ ಇಟ್ಟು ತಲೆ ಬಾಗಿಸಿದ. ನಿಂಗರಾಜು ಅವನ ಕಡೆ ನೋಡಲಿಲ್ಲ.

"ಯೋಳ್ಲಾ ನಿಂಗ, ಎಷ್ಟ್ ಹಡಗು ಮುಳುಗಿಸಿದ್ರಿ ಯೋಳು," ಎಂದು ಕೆಂಪಣ್ಣ ಮೈಕನ್ನು ಅವನ ಬಾಯಿಗೆ ಹಿಡಿದ.

ಡೇರಿಯ ಚರಂಡಿಯಲ್ಲಿ ಬೆಳಗಿನ ಹಾಲಿನ ಕ್ಯಾನು ತೊಳೆದ ನೀರು ನಿಂತು ಹುಳಿ ವಾಸನೆ ಹೊಡೆಯುತ್ತಿತ್ತು. ಕೊರಳಿನ ಸುಗಂಧರಾಜದ ಹಾರ ಅದನ್ನು ಇನ್ನಷ್ಟು ಕೆಡಿಸಿತ್ತು. ನಿಂಗರಾಜು ಹಾರವನ್ನು ಕೊರಳಿಂದ ತೆಗೆದು ಕೈಯಲ್ಲಿ ಹಿಡಿದ. "ಎಲ್ರಿಗೂ ನಮಸ್ಕಾರ. ಎಲ್ಲಾ ನಿಮ್ ಆಶೀರ್ವಾದ," ಎಂದಷ್ಟೇ ಹೇಳಿ ಕೂತುಬಿಟ್ಟ. ಹುಡುಗನಿಗೆ ಎಷ್ಟು ವಿನಯ ಎಂದು ಜನ ಇನ್ನೊಮ್ಮೆ ಚಪ್ಪಾಳೆ ತಟ್ಟಿದರು.

ಆವತ್ತು, ಮೇ ತಿಂಗಳ ಯುದ್ಧದ ಮೂರನೇ ದಿನ, ಮಧ್ಯಾಹ್ನ ಎರಡು ಇಪ್ಪತ್ತು. ಯುದ್ಧಸ್ಥಿತಿಯಾದ್ದರಿಂದ ಹಡಗಿನ ಕಬ್ಬಿಣದ ಬಾಗಿಲುಗಳನ್ನೆಲ್ಲ ಬಿಗಿದಿದ್ದರು. ಕೆಳಗಿನ ಕೋಣೆಯಲ್ಲಿ ಕಕ್ಕಸಿನ ಪೈಪು ಒಡೆದು ಮೊಣಕಾಲೆತ್ತರ ಹೊಲಸು ನಿಂತಿತ್ತು. ಸಿದ್ದರಾಜು ಅದರೊಳಗೆ ಇಳಿದು ಪೈಪಿಗೆ ಪಟ್ಟಿ ಬಿಗಿದ. ಇಬ್ಬರೂ ತರಬೇತಿಯಲ್ಲಿ ಪಕ್ಕಪಕ್ಕದ ಮಂಚದವರು, "ಯಾವೂರ್ಲಾ ನಿಂದು?" ಎಂಬ ಮೊದಲ ಮಾತಿನಲ್ಲೇ ಜಿಲ್ಲೆ ಗೊತ್ತಾಗಿ ಜೊತೆಯಾದವರು. ನಿಂಗರಾಜು ಮೇಲೆ ನಿಂತು, ನೆಲದ ಕಂಡಿಯ ಕಬ್ಬಿಣದ ಮುಚ್ಚಳವನ್ನು ಎತ್ತಿ ಹಿಡಿದಿದ್ದ. ಮುಚ್ಚಳ ಎತ್ತಿದ ಕೂಡಲೇ ಅದು ಬೀಳದಂತೆ ಪಿನ್ನು ಹಾಕಬೇಕು, ಆಮೇಲೆಯೇ ಮನುಷ್ಯ ಹತ್ತಿ ಇಳಿಯಬೇಕು, ಅದು ನಿಯಮ. ನಿಂಗರಾಜು ಪಿನ್ನು ಹಾಕಿರಲಿಲ್ಲ. ಸಿದ್ದರಾಜು ಏಣಿ ಹತ್ತಿ ಕಂಡಿಯ ಅಂಚಿಗೆ ಬಲಗೈ ಇಟ್ಟ. ಅವನ ಜೊತೆಯಲ್ಲೇ ವಾಸನೆಯೂ ಮೇಲೆ ಬಂತು. ನಿಂಗರಾಜು ಮುಚ್ಚಳ ಬಿಟ್ಟು ಮೂಗು ಮುಚ್ಚಿಕೊಂಡ.

ವಿಚಾರಣೆಯಲ್ಲಿ ಅವನು ಕೊಟ್ಟ ಹೇಳಿಕೆ ಎರಡೇ ಸಾಲು. ಪಿನ್ನು ಹಾಕುವ ಮೊದಲೇ ಸಿದ್ದರಾಜು ಅವಸರದಲ್ಲಿ ಕೈಯಿಟ್ಟ. ಹಡಗು ಓಲಾಡಿ ಮುಚ್ಚಳ ಬಿತ್ತು. ಸಿದ್ದರಾಜು ಆಗ ಆಸ್ಪತ್ರೆಯಲ್ಲಿದ್ದ. ಅವನ ಕಾಗದಪತ್ರಗಳಲ್ಲಿ 'ಸ್ವಂತ ಅಜಾಗರೂಕತೆ' ಎಂದು ದಾಖಲಾಯಿತು. ಹೊಣಕೆರೆಯಲ್ಲಿ ಅವನನ್ನು 'ಮುಚ್ಚಳಕ್ಕೆ ಬೆರಳು ಕೊಟ್ಟೋನು' ಎಂದು ಕರೆಯುವುದು ರೂಢಿಯಾಗಿತ್ತು. ಇದಾಗಿ ಎಂಟು ತಿಂಗಳು.

ಒಂದು ಗಂಟೆಗೆ ಊಟದ ಪಂಕ್ತಿ ಕೂತಿತು. ಮುದ್ದೆ, ಬಾಡಿನ ಸಾರು, ಬೋಟಿ ಗೊಜ್ಜು. ಸನ್ಮಾನಿತರನ್ನು ಮೊದಲ ಪಂಕ್ತಿಯ ನಡುವೆ ಕೂರಿಸಿದರು. ಸಿದ್ದರಾಜುವಿನ ಎಡಕ್ಕೆ ನಿಂಗರಾಜು, ಬಲಕ್ಕೆ ಊರಿನ ಹಿರಿಯ ಜವರಯ್ಯ. ಸಿದ್ದರಾಜು ಶಾಲು ತೆಗೆದು ಮಡಚಿಟ್ಟ. ಬಲಗೈಯಲ್ಲಿ ಹೆಬ್ಬೆರಳು ಮತ್ತು ಕಿರುಬೆರಳು ಮಾತ್ರ ಇದ್ದವು. ಅವನು ಎಡಗೈ ಚಾಚಿ ಮುದ್ದೆ ಮುರಿದು, ಸಾರಿನಲ್ಲಿ ಹೊರಳಿಸಿ ನುಂಗಿದ.

ಜವರಯ್ಯನ ಕೈ ತುತ್ತಿನೊಂದಿಗೆ ನಿಂತಿತು.

"ಏನಪ್ಪಾ ಇದು, ಎಡಗೈಲಿ ಮುದ್ದೆ ಮುರೀತಾ ಇದ್ದೀಯ? ತೊಳ್ಕಳೋ ಕೈ ಅಲ್ವೇನ್ಲಾ ಅದು? ಪಂಕ್ತೀಲಿ ಪಕ್ಕದಾಗೆ ಕುಂತೋರು ಉಣ್ಣೋದೆಂಗೆ?"

"ಸುಮ್ಕಿರು ಜವರಣ್ಣ, ಯುದ್ಧದಾಗೆ ಓಗಿರೋ ಕೈ," ಎಂದ ಎದುರು ಸಾಲಿನ ಕೆಂಪಣ್ಣ.

"ಯುದ್ಧ ಆದ್ರೇನು, ಎಡಗೈ ಎಡಗೈಯೇ."

"ಬಲಗೈ ಬೆರಳ ಸಮುದ್ರದಾಗೆ ಬುಟ್ಟಿವ್ನಿ ಕಣಜ್ಜೋ," ಎಂದ ಸಿದ್ದರಾಜು, ಇನ್ನೊಂದು ತುಂಡು ಮುರಿಯುತ್ತ. "ಮೀನ್ಗೊಳು ವಾಪಸ್ ಕೊಡಾಕಿಲ್ಲ ಅಂತಾವೆ."

ನಾಲ್ಕಾರು ಜನ ನಕ್ಕರು. ಜವರಯ್ಯ ನಗಲಿಲ್ಲ. ತನ್ನ ಎಲೆಯನ್ನು ಒಂದು ಗೇಣು ಆಚೆಗೆ ಎಳೆದುಕೊಂಡು, ಹೆಗಲ ಮೇಲಿನ ಟವೆಲ್ಲಿನ ತುದಿಯಿಂದ ಮೂಗು ಮುಚ್ಚಿದ.

ಜವರಯ್ಯನ ಮೂಗಿನ ಮೇಲಿನ ಆ ಕೈಯನ್ನು ನಿಂಗರಾಜು ನೋಡಿದ.

"ಮೈಕು ಬಾಯ್ಗೇ ಹಿಡುದ್ರಲ್ಲೋ," ಸಿದ್ದರಾಜು ಎಲೆಯಿಂದ ಕಣ್ಣೆತ್ತದೆ ಮೆಲ್ಲಗೆ ಅಂದ. "ಯೋಳ್ತೀಯ ಅನ್ಕಂಡಿದ್ದೆ. ಅದ್ಕೇ ಬಂದೆ."

"ಏನ?"

"ಏನ ಅಂತಾನೆ." ಸಿದ್ದರಾಜು ಮೂಳೆ ಹೀರಿ ಎಲೆಯಂಚಿಗೆ ಇಟ್ಟ. "ಕೆಳಗಿಂದ ಮೇಲಕ್ಕೇ ನೋಡ್ತಿದ್ನಪ್ಪಾ. ಮುಚ್ಚಳ ಬುಟ್ಟ ಕೈ ಎತ್ಲಾಗೋಯ್ತು ಅಂತ ನೋಡ್ದೆ. ನಂಗೂ ವಾಸ್ನೆ ಇತ್ತು ಕಣ್ಲಾ. ಕತ್ತುಗಂಟ ಇತ್ತು."

ನಿಂಗರಾಜು ವೇದಿಕೆಯ ಕಡೆ ತಿರುಗಿದ. ಮೈಕಿನವನು ಆಂಪ್ಲಿಫೈಯರನ್ನು ಆಗಲೇ ಟೆಂಪೋಗೆ ಏರಿಸಿ ವೈರು ಸುತ್ತುತ್ತಿದ್ದ.

ಆ ಊರಲ್ಲಿ ಪಂಕ್ತಿಯವರೆಲ್ಲ ಉಂಡು ಮುಗಿಸುವ ತನಕ ಯಾರೂ ಏಳುವುದಿಲ್ಲ. ನಿಂಗರಾಜು ಎಂಜಲು ಕೈಯಲ್ಲೇ ಎದ್ದು ನಿಂತ.

"ಲೇ, ನಿಂಗನ್ಗೆ ಬೋಟಿ ಬುಡ್ರೋ ಇತ್ಲಾಗೆ!" ಎಂದು ಕೆಂಪಣ್ಣ ಕೂಗಿದ.

"ಬೋಟಿ ಬ್ಯಾಡ," ಎಂದ ನಿಂಗರಾಜು. ಮಾತು ಅವನು ಅಂದುಕೊಂಡದ್ದಕ್ಕಿಂತ ಜೋರಾಗಿ ಬಂತು. "ನಾವ್ ಯಾವ ಹಡಗೂ ಮುಳುಗಿಸ್ಲಿಲ್ಲ. ಕಕ್ಕಸ್ ಪೈಪು ಒಡ್ದಿತ್ತು. ಇವ್ನು ಹೊಲಸಲ್ಲಿ ನಿಂತು ರಿಪೇರಿ ಮಾಡ್ದ. ಮೇಲೆ ಕಬ್ಬಿಣದ ಮುಚ್ಚಳ ಹಿಡ್ಕಂಡಿದ್ದೋನು ನಾನು. ವಾಸ್ನೆ ತಡೀನಾರ್ದೆ ಮುಚ್ಚಳ ಬುಟ್ಟು ಮೂಗು ಮುಚ್ಕಂಡೆ. ಇವ್ನ ಬೆರಳು ತುಂಡಾದ್ವು. ವೈರಿ ಅಲ್ಲ, ನಾನು. ಆಮೇಲೆ ಇವ್ನದೇ ತಪ್ಪು ಅಂತ ಬರ್ಕೊಟ್ಟೆ."

ಸಾರಿನ ಬಕೆಟ್ಟು ಹಿಡಿದವನು ಇದ್ದಲ್ಲೇ ನಿಂತ. ಮೊದಲು ಬಾಯಿಬಿಟ್ಟವನು ಕೆಂಪಣ್ಣ.

"ಥೂ, ಕುಂತ್ಕಳ್ಳಾ! ಉಣ್ಣೋ ಒತ್ನಲ್ಲಿ ಕಕ್ಕಸ್ ಮಾತು ಆಡ್ತಾನೆ."

"ಅಲ್ವಾ ಮತ್ತೆ," ಎಂದರು ಯಾರೋ. ಇನ್ಯಾರೋ ಎಲೆ ಮಡಚಿದರು. ಜವರಯ್ಯ ಮಾತ್ರ ಟವೆಲ್ಲನ್ನು ಮೂಗಿನಿಂದ ಇಳಿಸಿ ನಿಂಗರಾಜುವನ್ನೇ ನೋಡುತ್ತಿದ್ದ.

ನಿಂಗರಾಜು ಕೂತ.

"ಇಲ್ ಯೋಳಿದ್ರೆ ನನ್ ಕಾಗ್ದ ಬದ್ಲಾಯ್ತದ?" ಎಂದ ಸಿದ್ದರಾಜು.

"ಬರ್ಕೊಡ್ತೀನಿ."

"ಕೊಡು. ಕೊಟ್ಮೇಲೆ ನಂಬ್ತೀನಿ." ಸಿದ್ದರಾಜು ಬಡಿಸುವವನತ್ತ ತಲೆಯೆತ್ತಿದ. "ಅಣ್ಣೋ, ಇನ್ನರ್ಧ ಮುದ್ದೆ ಬುಡು."

ಎರಡು ಗಂಟೆ ಹತ್ತು ನಿಮಿಷಕ್ಕೆ ಬಂದ ಕೆ.ಆರ್. ಪೇಟೆ ಬಸ್ಸಿಗೆ ಸಿದ್ದರಾಜು ಒಬ್ಬನೇ ಹೋದ. ಬಸ್ಸಿನವರೆಗೆ ಬರುತ್ತೇನೆಂದು ನಿಂಗರಾಜು ಹೇಳಲಿಲ್ಲ, ಅವನೂ ಕರೆಯಲಿಲ್ಲ. ಸೋಮವಾರ ಹಾಲು ಹಾಕಲು ಬಂದವರು ನೋಡುವಷ್ಟರಲ್ಲಿ ಫ್ಲೆಕ್ಸು ಇಳಿದಿತ್ತು. ಡೇರಿಯವರು ಅದನ್ನು ಚಿತ್ರ ಒಳಗಾಗಿ ತಿರುಗಿಸಿ ಪಶು ಆಹಾರದ ಮೂಟೆಗಳ ಮೇಲೆ ಹೊದಿಸಿದ್ದರು.

ಬುಧವಾರ ಬೆಳಿಗ್ಗೆ ಎಂಟಕ್ಕೆ ನಿಂಗರಾಜು ಹಡಗಿನಲ್ಲಿ ಕೆಲಸಕ್ಕೆ ಹಾಜರಾದ. ಒಂಬತ್ತೂವರೆಗೆ ಒಂದೂವರೆ ಪುಟದ ಹೊಸ ಹೇಳಿಕೆಯನ್ನು ಮೇಲಧಿಕಾರಿಯ ಕೈಗೆ ಕೊಟ್ಟ. ಅಧಿಕಾರಿ ಅದನ್ನು ಓದಿ, ಅವನಿಗೆ ಎದುರಿಗೇ ನಿಲ್ಲಲು ಹೇಳಿ, ಕೋಣೆಯ ಬಾಗಿಲನ್ನು ಒಳಗಿನಿಂದ ಹಾಕಿ, ವಿಚಾರಣೆಯ ಹಳೆಯ ಕಡತ ತೆಗೆದರು.