ನಾಲ್ಕು ಗಾಲಿಯ ಎಣ್ಣೆ

ಸಿಟ್ಟು ಬರಲು ಜಂಪಣ್ಣನಿಗೆ ಕಾರಣ ಬೇಕಾಗಿರಲಿಲ್ಲ. ಆ ಬುಧವಾರ ಮಾತ್ರ ಕಾರಣವೂ ಇತ್ತು. ಸಾಸ್ವೆಹಳ್ಳಿಯ ಅವರ ಮನೆಯ ಹಿಂದಿನ ಹೊಳೆದಂಡೆಯ ಏರಿನಲ್ಲಿ ಅರ್ಧ ದೂರ ಹೋದ ಗಾಡಿ ಅಲ್ಲೇ ನಿಂತು ಅರಚುತ್ತಿತ್ತು. ಎಂಜಿನ್ ಕೂಗುತ್ತದೆ, ಗಾಲಿ ತಿರುಗುವುದಿಲ್ಲ. ಮೇಲೆ ಕೂತಿದ್ದ ಮಗಳು ಚೈತ್ರಶ್ರೀ ಹೆಲ್ಮೆಟ್ ತೆಗೆದಳು.

"ಕ್ಲಚ್ ಜಾರ್ತೈತೆ ಅಪ್ಪಾ."

"ಕ್ಲಚ್ ಯಾಕೆ ಜಾರುತ್ತೆ? ನೀನು ಲಿವರ್ ಅರ್ಧ ಹಿಡ್ಕಂಡೇ ಓಡಿಸ್ತೀಯ. ಬಿಟ್ರೆ ಪೂರ್ತಿ ಬಿಡಬೇಕು!"

"ಪೂರ್ತಿ ಬಿಟ್ಟಿದೀನಿ."

"ಬಿಟ್ಟಿದ್ರೆ ಗಾಡಿ ಈಗ ಮೇಲಿರ್ತಿತ್ತು."

ಅದು ಗುಡ್ಡ, ಮಣ್ಣುದಾರಿಯಲ್ಲಿ ಓಡಿಸುವ ಹದಿನಾರು ವರ್ಷ ಹಳೆಯ ಎಟಿವಿ. ಯಾವುದೋ ಮುಚ್ಚಿಹೋದ ಮೋಜಿನ ಪಾರ್ಕಿನವರು ಗುಜರಿಗೆ ಹಾಕಿದ್ದನ್ನು ಜಂಪಣ್ಣ ತಂದು, ಒಂದು ವರ್ಷ ಕೂತು ಜೀವ ಕೊಟ್ಟಿದ್ದ. ನಾಲ್ಕು ದಪ್ಪ ಗಾಲಿ, ನಡುವೆ ಬೈಕಿನಂಥ ಸೀಟು. ಊರವರು ಅದಕ್ಕೆ ಕಪ್ಪೆ ಅಂತ ಹೆಸರಿಟ್ಟಿದ್ದರು. "ಮಕ್ಕಳ ಆಟದ ಸಾಮಾನು ಹೆಂಗೈತೆ?" ಎಂದು ಯಾರಾದರೂ ಕೇಳಿದರೆ ಮೂವತ್ನಾಲ್ಕು ವರ್ಷ ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿದ್ದವನಿಗೆ ಮೈಯೆಲ್ಲ ಉರಿಯುತ್ತಿತ್ತು. "ನಾಲ್ಕು ಗಾಲಿ ಕಾಣಲ್ವೇನ್ರೀ? ಇದು ಗಾಡಿ, ಗಾಡಿ!" ಎನ್ನುತ್ತಿದ್ದ.

ಹೊನ್ನಾಳಿಯ ಶಾಲೆಯೊಂದರಲ್ಲಿ ಆಟದ ಮೇಡಂ ಆಗಿದ್ದ ಚೈತ್ರಶ್ರೀ ಅದರ ಮೇಲೆ ಕೂತು ಎರಡು ರೇಸಿನಲ್ಲಿ ಮೂರನೇ ಬಹುಮಾನ ತಂದಿದ್ದಳು. ಭಾನುವಾರ ಜಗಳೂರಿನ ಕಡೆಯ ಗುಡ್ಡದಲ್ಲಿ ಇನ್ನೊಂದು ರೇಸಿತ್ತು. ದಾವಣಗೆರೆಯಲ್ಲಿ ರೇಸ್ ತಂಡ ಕಟ್ಟಿದ್ದ ಪರಮೇಶ್ ಎಂಬಾತ ಅವಳಿಗೆ ಹೊಸ ಗಾಡಿ ಕೊಡುತ್ತೇನೆಂದು ಒಂದು ತಿಂಗಳಿಂದ ಬೆನ್ನು ಹತ್ತಿದ್ದ. ಗಾಡಿಯೂ ಅವನದೇ, ಮೆಕ್ಯಾನಿಕ್ಕೂ ಅವನವನೇ. ಅವಳು ಹ್ಞೂಂ ಅಂದರೆ ಜಂಪಣ್ಣ ಹಗ್ಗದ ಆಚೆ ನಿಂತು, ಕಡಲೆಕಾಯಿ ತಿನ್ನುವ ಜನರ ಜೊತೆ ಮಗಳನ್ನು ನೋಡಬೇಕು. ಅದನ್ನು ನೆನೆದರೇ ಅವನಿಗೆ ಊಟ ಸೇರುತ್ತಿರಲಿಲ್ಲ. ಈ ಕಪ್ಪೆ ಓಡುವತನಕ ಮಗಳಿಗೆ ತಾನು ಬೇಕು, ಅವನ ಲೆಕ್ಕ ಇಷ್ಟೇ.

ಹಾಳಾದ ಕಪ್ಪೆ ಈಗಲೇ ಕೈಕೊಡಬೇಕೇ? ಕೇಬಲ್ ಬಿಗಿ ಮಾಡಿದ, ಸಡಿಲ ಮಾಡಿದ. ಸ್ಪ್ರಿಂಗ್ ಬದಲಿಸಿದ. ಕ್ಲಚ್ ಬಿಚ್ಚಿ ಪ್ಲೇಟು ಅಳೆದ. ಒಂದೂ ಸವೆದಿರಲಿಲ್ಲ. ಪೆಟ್ರೋಲ್ ಬಂಕಿನವನನ್ನು ಬೈದ, ಸ್ಪ್ರಿಂಗ್ ಮಾರಿದವನನ್ನು ಬೈದ, ಎಲ್ಲರಿಗಿಂತ ಹೆಚ್ಚು ಮಗಳನ್ನು ಬೈದ.

"ಎಣ್ಣೆ ಹಾಕಿದ್ದು ಗಾಡಿಗೋ, ನಿಮಗೋ? ಮೂರು ದಿನದಿಂದ ಒಂದೇ ಸಮ ಕೂಗ್ತೀರಲ್ಲ," ಎಂದಳು ಹೆಂಡತಿ ಕೊಲ್ಲಾಪುರಮ್ಮ.

"ಎಣ್ಣೆ ಮಾತು ಎತ್ತಬೇಡ. ಹೊನ್ನಾಳಿಯಲ್ಲಿ ಸಿಗೋದ್ರಲ್ಲೇ ತುಟ್ಟಿ ಎಣ್ಣೆ ಹಾಕೀನಿ. ಓಡಿಸೋಳಿಗೆ ಕೈ ನೆಟ್ಟಗಿಲ್ಲ ಅಂದ್ರೆ ಎಣ್ಣೆ ಏನು ಮಾಡುತ್ತೆ?"

ಶುಕ್ರವಾರ ಸಂಜೆ ಗಾಡಿ ಮತ್ತೆ ಅದೇ ಏರಿನಲ್ಲಿ ನಿಂತಿತು. ಚೈತ್ರಶ್ರೀ ಅದನ್ನು ಹಿಂದಕ್ಕೆ ಇಳಿಸಿಕೊಂಡು ಮನೆಯಂಗಳಕ್ಕೆ ತಂದಳು. "ಪರಮೇಶಣ್ಣಂಗೆ ನಾಳೆ ಹೇಳ್ಬೇಕಪ್ಪಾ. ಕಾಯ್ತಾ ಅದಾರೆ."

"ಹೋಗು. ಅವರ ಕ್ಲಚ್ಚೂ ಸುಟ್ಟು ಬಾ."

ಅವಳು ಗ್ಲೌಸ್ ಬಿಚ್ಚಿ ಸೀಟಿನ ಮೇಲಿಟ್ಟು ಒಳಗೆ ಹೋದಳು. ಆ ಮಾತು ಆಡಬಾರದಿತ್ತು ಎಂದು ಜಂಪಣ್ಣನಿಗೆ ಅನ್ನಿಸಿದ್ದು ಅವಳು ಬಾಗಿಲು ದಾಟಿದ ಮೇಲೆ.

ಶನಿವಾರ ಬೆಳಿಗ್ಗೆ ಪ್ಲೇಟುಗಳನ್ನೂ ಖಾಲಿ ಎಣ್ಣೆ ಡಬ್ಬಿಯನ್ನೂ ಚೀಲಕ್ಕೆ ತುಂಬಿಕೊಂಡು ನ್ಯಾಮತಿಯ ಬಸ್ ಹತ್ತಿದ. ಅಲ್ಲಿ ಬೈಕ್ ರಿಪೇರಿ ಅಂಗಡಿ ಇಟ್ಟಿದ್ದ ತಿಪ್ಪೇಶ್ ಹಿಂದೆ ಡಿಪೋದಲ್ಲಿ ಇವನ ಕೈಕೆಳಗೆ ಕೆಲಸ ಕಲಿತವನು. ಶಿಷ್ಯನ ಬಾಗಿಲಿಗೆ ಹೋಗುವುದು ಸಣ್ಣ ಸಂಕಟವಲ್ಲ. ಆದರೆ ಸಮಯ ಬಂದಾಗ ಕತ್ತೆ ಕಾಲೂ ಹಿಡಿಯಬೇಕು, ತಿಪ್ಪೇಶ್ ಪಾಪ ಕತ್ತೆಯೂ ಅಲ್ಲ.

ತಿಪ್ಪೇಶ್ ಪ್ಲೇಟು ಮುಟ್ಟಲೂ ಇಲ್ಲ. "ಯಾವ ಎಣ್ಣೆ ಹಾಕಿದ್ರಿ ಗುರುಗಳೆ?"

ಜಂಪಣ್ಣ ಜಂಬದಿಂದಲೇ ಡಬ್ಬಿ ಕೊಟ್ಟ.

"ಇದು ಕಾರಿಂದು ಕಣ್ರೀ."

"ಆದ್ರೇನು? ನಾಲ್ಕು ಗಾಲಿ ಗಾಡಿ ತಾನೆ?"

"ಗಾಲಿ ನಾಲ್ಕು, ಎಂಜಿನ್ ಬೈಕಿಂದು. ಬಸ್ಸಿಗೆ, ಕಾರಿಗೆ ಕ್ಲಚ್ ಹೊರಗೆ ಒಣಗಿರುತ್ತೆ. ಇದರ ಪ್ಲೇಟು ಎಂಜಿನ್ ಎಣ್ಣೆಯಲ್ಲೇ ಮುಳುಗಿರ್ತಾವೆ. ಕಾರಿನ ಎಣ್ಣೆಗೆ ಜಾರಾಕೆ ಅಂತಲೇ ಏನೇನೋ ಬೆರೆಸಿರ್ತಾರೆ. ಇನ್ನು ಪ್ಲೇಟು ಹಿಡಿಯೋದು ಹೆಂಗೆ? ಮೊದ್ಲು ಏನು ಹಾಕ್ತಿದ್ರಿ?"

ಮೊದಲು ಬಂಕಿನಲ್ಲಿ ಸಿಗುವ ಸಾದಾ ಬೈಕ್ ಎಣ್ಣೆ. ರೇಸಿಗೆಂದು ಮಗಳಿಗೆ ಒಳ್ಳೆಯದನ್ನು ಹಾಕೋಣವೆಂದು ಹೊನ್ನಾಳಿಗೆ ಹೋಗಿದ್ದ. ಅಂಗಡಿಯವನು ಕೇಳಿದ್ದೂ ನೆನಪಾಯಿತು: ಟೂ ವೀಲರ್‌ಗೋ ಫೋರ್ ವೀಲರ್‌ಗೋ? ಇವನು ಎದೆಯುಬ್ಬಿಸಿ, "ಫೋರ್ ವೀಲರ್ರು!" ಎಂದಿದ್ದ. ಪಕ್ಕದಲ್ಲಿ ನಿಂತವರಿಗೂ ಕೇಳಲಿ ಎಂದು ಎರಡು ಸಲ.

ಅಪ್ಪಟ ನಾಚಿಕೆಯಿಂದ ಜಂಪಣ್ಣನ ಕಿವಿ ಕೆಂಪಾಯಿತು. ತಿಪ್ಪೇಶನಿಗೆ ಅದು ಕಂಡಿತು. ಒಂದು ಡಬ್ಬಿ ಬೈಕ್ ಎಣ್ಣೆ ಕೊಡುತ್ತ ಮೆಲ್ಲಗೆ, "ಪ್ಲೇಟು ಸವೆದಿದ್ವು ಅಂತ ಹೇಳ್ರಿ ಮನೇಲಿ. ಯಾರು ನೋಡಾಕೆ ಬರ್ತಾರೆ," ಎಂದ.

ಬಸ್ಸಿನಲ್ಲಿ ದಾರಿಯುದ್ದಕ್ಕೂ ಆ ಮಾತನ್ನೇ ಬಾಯಿಪಾಠ ಮಾಡಿದ. ಪ್ಲೇಟು ಸವೆದಿತ್ತಮ್ಮಾ. ಒಳ್ಳೆಯ ಸುಳ್ಳು. ಯಾರ ಮರ್ಯಾದೆಯೂ ಹೋಗುವುದಿಲ್ಲ. ಮನೆಗೆ ಬಂದು ಹಳೆಯ ಎಣ್ಣೆ ಬಸಿದ. ಪ್ಲೇಟುಗಳನ್ನು ಪೆಟ್ರೋಲಿನಲ್ಲಿ ತೊಳೆದು, ಉಪ್ಪುಕಾಗದದಲ್ಲಿ ತುಸುವೇ ಉಜ್ಜಿ, ಹೊಸ ಎಣ್ಣೆಯಲ್ಲಿ ನೆನೆಸಿ ಜೋಡಿಸಿದ. ಸೀಟಿನ ಮೇಲೆ ಅವಳ ಗ್ಲೌಸ್ ನಿನ್ನೆ ಇಟ್ಟ ಹಾಗೇ ಇತ್ತು. ಎಡಗೈಯದರ ಬೆರಳು ಸವೆದು ತೂತಾಗಿತ್ತು. ಮೂರು ದಿನ ಕ್ಲಚ್ ಲಿವರ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು.

ಮಧ್ಯಾಹ್ನ ಚೈತ್ರಶ್ರೀ ಶಾಲೆಯಿಂದ ಬಂದಾಗ ಅವನು ಕಾರಿನ ಎಣ್ಣೆಯ ಡಬ್ಬಿಯನ್ನು ಅವಳ ಕೈಗಿಟ್ಟ. "ಓದು."

ಓದಿದಳು.

"ನಾನೇ ಕೇಳಿ ತಂದಿದ್ದು. ಅದು ಹಾಕಿದ್ದಕ್ಕೇ ಕ್ಲಚ್ ಜಾರಿದ್ದು."

"ನನ್ನ ಕೈ?"

"ನಿನ್ನ ಕೈ ನೆಟ್ಟಗೈತೆ. ಮೊದ್ಲಿಂದ್ಲೂ ನೆಟ್ಟಗೇ ಇತ್ತು. ತಪ್ಪಾಯ್ತು ಕಣಮ್ಮಾ."

ಅವಳ ಕಣ್ಣು ತುಂಬಿತು. "ಕ್ಲಚ್ ಹಿಡೀಲಿಲ್ಲ ಅಂತ ಮೂರು ದಿನ ನನ್ನನ್ನೇ ಹಿಡ್ಕಂಡಿದ್ಯಲ್ಲಪ್ಪಾ."

ಉತ್ತರಕ್ಕೆ ಅವಳು ಕಾಯಲಿಲ್ಲ. ಗ್ಲೌಸ್ ಹಾಕಿಕೊಂಡು, ಗಾಡಿ ಹತ್ತಿ ಏರಿನತ್ತ ತಿರುಗಿಸಿದಳು. ಅರ್ಧ ದಾರಿಗೆ ಬಂದಾಗ ಜಂಪಣ್ಣ ಉಸಿರು ಹಿಡಿದ. ಗಾಲಿ ಮಣ್ಣು ಕಚ್ಚಿತು, ಗಾಡಿ ಒಂದೇ ಓಟಕ್ಕೆ ತುದಿ ಸೇರಿತು.

ಮೇಲೆ ಎಂಜಿನ್ ನಿಂತಿತು. ಅವಳು ಫೋನು ಕಿವಿಗಿಟ್ಟಿದ್ದು ಕಂಡಿತು, ಮಾತು ಕೇಳಲಿಲ್ಲ. ಕೈಬಟ್ಟೆ ಹಿಂಡುತ್ತ ಅವನು ಕೆಳಗೇ ನಿಂತ. ಹೋದರೆ ಹೋಗಲಿ, ಹೋಗುವುದೇ ನ್ಯಾಯ ಎಂದುಕೊಂಡ. ಹಾಗಂದುಕೊಂಡರೂ ಫೋನಿನಿಂದ ಕಣ್ಣು ಕೀಳಲಿಲ್ಲ.

ಅವಳು ಇಳಿದು ಬಂದಳು. "ಪರಮೇಶಣ್ಣಂಗೆ ಹೇಳಿದೆ."

"ಏನಂತ?"

"ಗಾಡಿ ಬೇಡ ಅಂದೆ. ನಮ್ಮ ಮೆಕ್ಯಾನಿಕ್ ಕೈ ಭಾಳ ಚೆನ್ನಾಗೈತೆ, ನಾಲಿಗೆ ಒಂದೇ ಜಾರ್ತೈತೆ ಅಂದೆ."

ಜಂಪಣ್ಣ ಬಾಯಿ ತೆರೆದ. ಮತ್ತೆ ಮುಚ್ಚಿಕೊಂಡು, ಎಣ್ಣೆಯ ಮಟ್ಟ ನೋಡಲು ಬಗ್ಗಿದ.