ಕತ್ತರಿಗಾಲು ಕಂಡ ಕಡಲು

ಹ್ಯೂರನ್ ಸರೋವರದ ಮಂಜುಗಡ್ಡೆ ಬಿರಿಯತೊಡಗಿದರೆ ಸಾಕು, ವರ್ಲಿನ್ ಊಟದ ಮೇಜಿನ ತುಂಬ ನಕ್ಷೆ ಹರಡುತ್ತಿದ್ದ. ಹನ್ನೊಂದು ವರ್ಷದಿಂದ ಅದೇ ನಕ್ಷೆ, ಅದೇ ದಾರಿ: ಹ್ಯೂರನ್ ಇಳಿದು ಈರಿ ಸರೋವರ, ಬಫಲೋದಿಂದ ಕಾಲುವೆ, ಮುಂದೆ ಹಡ್ಸನ್ ನದಿ, ಆಮೇಲೆ ಅಟ್ಲಾಂಟಿಕ್. ಹೆಂಡತಿ ನಡೀನ್ ತಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡು ಉಣ್ಣುವುದನ್ನು ರೂಢಿ ಮಾಡಿಕೊಂಡಿದ್ದಳು.

ಹೊರಡುವುದು ಮಾತ್ರ ಆಗುತ್ತಿರಲಿಲ್ಲ. ಒಂದು ವರ್ಷ ಎಂಜಿನ್, ಒಂದು ವರ್ಷ ಹಾಯಿ, ಮತ್ತೊಂದು ವರ್ಷ ಅವನ ಸೊಂಟ. ಈ ಸಲ ನಡೀನ್ ನೆವಕ್ಕೆ ಜಾಗವನ್ನೇ ಉಳಿಸಿರಲಿಲ್ಲ. ಗ್ರಂಥಾಲಯದ ಕೆಲಸ ಬಿಟ್ಟಿದ್ದಳು, ಬೆಕ್ಕನ್ನು ತಂಗಿಯ ಮನೆಗೆ ಒಪ್ಪಿಸಿದ್ದಳು. ಅವಳ ಮಂಡಿಗಳು ಇನ್ನೊಂದು ಬೇಸಿಗೆ ಕಾಯುವ ಹಾಗಿರಲಿಲ್ಲ.

ಕಾಲುವೆಯ ಸೇತುವೆಗಳು ಗಿಡ್ಡ. ಹಾಯಿಕಂಬವನ್ನು ಇಳಿಸಿ ದೋಣಿಯ ಮೇಲೆ ಮಲಗಿಸಿಕೊಂಡೇ ದಾಟಬೇಕು. ಕಂಬ ಹೊರಲೆಂದು ವರ್ಲಿನ್ ಮೊದಲ ವರ್ಷವೇ ಓಕ್ ಮರದ ಎರಡು ತುಂಡುಗಳನ್ನು ಕತ್ತರಿಯಂತೆ ಅಡ್ಡಡ್ಡ ಜೋಡಿಸಿ ಕತ್ತರಿಗಾಲು ಮಾಡಿದ್ದ. ಅದನ್ನು ಬಳಸಿ ಕಡಲು ಸೇರಿದವರು ಅದರ ಮೇಲೆ ತಮ್ಮ ದೋಣಿಯ ಹೆಸರು, ವರ್ಷ ಬರೆದು, ಸರೋವರದ ಕಡೆ ವಾಪಸ್ಸು ಬರುವ ದೋಣಿಗೆ ದಾಟಿಸಿ ಹೋಗುವುದು ಅಲ್ಲಿನ ಪದ್ಧತಿ. ಕೇಳಿದವರಿಗೆಲ್ಲ ವರ್ಲಿನ್ ಎರವಲು ಕೊಟ್ಟ. ಮರ ನಾಲ್ಕು ಸಲ ಕಡಲಿನವರೆಗೆ ಹೋಗಿ ಬಂತು. ಮಾಡಿದವನು ಸರೋವರ ಬಿಟ್ಟು ಕದಲಲಿಲ್ಲ.

ಶನಿವಾರ ಬೆಳಿಗ್ಗೆ ಬ್ರಿಟಾ ಟ್ರಕ್ ತಂದು ನಿಲ್ಲಿಸಿದಳು. ಬಂದರಿನಲ್ಲಿ ಅವರ ದೋಣಿಯ ಪಕ್ಕದಲ್ಲೇ ತನ್ನ ದೋಣಿ ನಿಲ್ಲಿಸುವವಳು ಅವಳು.

"ಕತ್ತರಿಗಾಲು ಈ ವರ್ಷ ನಾವು ತಗೊಂಡು ಹೋಗ್ಬಹುದು ಅಂದ್ರು ವರ್ಲಿನ್."

ನಡೀನ್ ಕಾಫಿ ಲೋಟ ಕೆಳಗಿಟ್ಟಳು. "ಈ ವರ್ಷ ನಮಗೇ ಬೇಕಲ್ಲ."

ಬ್ರಿಟಾ ಪೆಚ್ಚಾದಳು. "ಬೇಜಾರು ಮಾಡ್ಕೋಬೇಡಿ. ಹೆದರಿಕೆ ಯಾರಿಗಿಲ್ಲ ಹೇಳಿ? ದಡ ಕಾಣದಿದ್ರೆ ನಮ್ಮಮ್ಮನೂ ದೋಣಿ ಹತ್ತಲ್ಲ."

"ಯಾರಿಗೆ ಹೆದರಿಕೆ?"

"ನಿಮಗೆ. ಬಂದರಲ್ಲಿ ಎಲ್ಲರಿಗೂ ಗೊತ್ತಲ್ಲ. ನಿಮ್ಮನ್ನ ಬಿಟ್ಟು ಹೋಗಕ್ಕೆ ಮನಸಿಲ್ಲ ಅಂತ ವರ್ಲಿನ್ ಪ್ರತಿ ವರ್ಷ ಹೇಳ್ತಾರೆ. ಇದ್ರೆ ಇಂಥ ಗಂಡ ಇರ್ಬೇಕು ಅಂತೀವಿ ನಾವೆಲ್ಲ."

ಬಂದರಿನವರೆಲ್ಲ ಸೇರುವ ಶುಕ್ರವಾರದ ಮೀನೂಟಗಳಲ್ಲಿ ಹೆಂಗಸರು ಸುಮ್ಮಸುಮ್ಮನೆ ತನ್ನ ಬೆನ್ನು ಸವರುತ್ತಿದ್ದುದು ಯಾಕೆಂದು ನಡೀನ್‌ಗೆ ಈಗ ತಿಳಿಯಿತು. ಬಾಗಿಲಲ್ಲಿ ನಿಂತಿದ್ದ ವರ್ಲಿನ್ ಎಲ್ಲವನ್ನೂ ಕೇಳಿಸಿಕೊಂಡಿದ್ದ.

"ಜನಕ್ಕೆ ಏನೋ ಒಂದು ಹೇಳ್ಬೇಕಿತ್ತು ಕಣೆ."

"ನಿಂಗೆ ಭಯ ಅಂತ ಹೇಳ್ಬಹುದಿತ್ತು. ನಂಗಾದ್ರೂ ಹೇಳ್ಬಹುದಿತ್ತು. ನಾನು ಇನ್ಯಾರ ದೋಣಿಯಲ್ಲಾದ್ರೂ ಹೋಗಿರ್ತಿದ್ದೆ, ಮಂಡಿ ಗಟ್ಟಿ ಇದ್ದಾಗ."

ನಡೀನ್ ಒಳಗೆ ಹೋಗಿ, ಜಾಮಿನ ಸೀಸೆಗಳ ಮೇಲೆ ಬರೆಯುವ ಕಪ್ಪು ಪೆನ್ನು ತಂದಳು. ಅಂಗಳದಲ್ಲಿದ್ದ ಕತ್ತರಿಗಾಲಿನ ಮೇಲೆ, ನಾಲ್ಕು ಹೆಸರುಗಳ ಕೆಳಗೆ, ತಮ್ಮ ದೋಣಿಯ ಹೆಸರು ಬರೆದಳು: ಜೂನ್‌ಬೆರಿ. ವರ್ಷದ ಜಾಗದಲ್ಲಿ ಬರೆದಳು: ಹೋಗಲಿಲ್ಲ, ಹೆದರಿದ್ದು ವರ್ಲಿನ್.

"ಅಳಿಸು ನಡೀನ್. ದಾರಿ ಉದ್ದಕ್ಕೂ ಜನ ಓದ್ತಾರೆ."

"ಓದ್ಲಿ. ಆ ತುದಿ ಹಿಡ್ಕೊ."

ಅವನು ಹಿಡಿದುಕೊಂಡ. ಇಬ್ಬರೂ ಸೇರಿ ಅದನ್ನೆತ್ತಿ ಬ್ರಿಟಾಳ ಟ್ರಕ್ಕಿಗೆ ಹಾಕಿದರು.